ಸತ್ತ ಪದ, ಬದುಕಿರುವ ವಾಟಿ

ಬೇಕರಿಯ ಸಾಲಿನಲ್ಲಿ ಮೈರಿಯ ಮುಂದೆ ನಿಂತಿದ್ದ ಮುದುಕ ವಾಟಿ, ಪತ್ರಿಕೆಯ ನಿಧನವಾರ್ತೆ ಪುಟವನ್ನು ಹೆಂಡತಿ ಎಲ್ಸ್‌ಪೆತ್‌ಳ ಮೂಗಿನ ಮುಂದೆ ಹಿಡಿದ.

“ನಾನು ಸತ್ತೆ ಅಂತ ಹಾಕ್ಸಿದೀಯಲ್ಲೇ!”

“ನಮ್ಮ ಸ್ಕಾಟ್ಲೆಂಡಿನ ‘ಹರ್ಕಲ್-ಡರ್ಕಲ್’ ಸತ್ತ ಪದ ಅಂತ ನಿಘಂಟಿನವರು ಬರೆದಿದ್ರು. ಬದುಕಿದೆ ಅನ್ನೋಕೆ ಅಚ್ಚಾದ ಪುರಾವೆ ಕೇಳಿದ್ರು, ಕೊಟ್ಟೆ.”

“ಎಚ್ಚರ ಆದ್ಮೇಲೂ ಹಾಸಿಗೇಲಿ ಬಿದ್ಕೊಂಡಿರೋದು ತಾನೇ ಅದು? ಸಾವಿಗೇನು ಸಂಬಂಧ?”

“ಓದಿ ನೋಡಿ. ‘ನಮ್ಮ ವಾಟಿ ಇನ್ನು ಕೊನೆಯಿಲ್ಲದ ಹರ್ಕಲ್-ಡರ್ಕಲ್‌ನಲ್ಲಿದ್ದಾರೆ.’ ಹರ್ಕಲ್ ಅಂದ್ರೆ ಮುದುಡಿಕೊಳ್ಳೋದು, ಡರ್ಕಲ್ ಬರೀ ಪ್ರಾಸಕ್ಕೆ. ಅದನ್ನೂ ಹಾಕ್ಸಿದೀನಿ.”

“ನನ್ನ ವಯಸ್ಸೇ ಇಲ್ಲ!”

“ಜಾಗ ಸಾಲ್ಲಿಲ್ಲ.”

ಹಿಂದೆ ನಿಂತಿದ್ದ ಮೈರಿ ನಗು ತಡೆಯಲು ತುಟಿ ಕಚ್ಚಿಕೊಂಡಳು. ಎಲ್ಸ್‌ಪೆತ್ ನಲವತ್ತು ಸ್ಕೋನ್ ಬನ್ ಕಟ್ಟಿಸಿಕೊಂಡಳು.

“ಇಷ್ಟೊಂದು ಯಾಕೆ?” ವಾಟಿ ಕೇಳಿದ.

“ನಾಳೆ ಬೆಳಿಗ್ಗೆ ಜನ ನನ್ನ ಮಾತಾಡಿಸ್ಕೊಂಡು ಹೋಗೋಕೆ ಬರ್ತಾರಲ್ಲ.”

“ನಾನೇನ್ಮಾಡ್ಲಿ?”

ಎಲ್ಸ್‌ಪೆತ್ ಪೊಟ್ಟಣವನ್ನು ಅವನ ಕೈಗಿಟ್ಟು ಬಾಗಿಲು ದಾಟಿದಳು.

“ದಿನಾ ಮಾಡೋದನ್ನೇ ಮಾಡಿ. ಏಳ್ಬೇಡಿ.”