ಪಿಂಚ್‌ಕೂಂಬ್ ನಾಮಫಲಕ ಸರಿದ ಬಗ್ಗೆ

ನನ್ನ ಹೆಸರು ಮಿಜೆಲಿ ಪೆನ್‌ಫೋಲ್ಡ್, ಗಂಡ ನೆಲ್ಸನ್, ವಯಸ್ಸು 61, ಜನಾಂಗ ರೋಮಾನಿ ಜಿಪ್ಸಿ, ಕಸುಬು ಕ್ರಿಸ್ಮಸ್ ಹಾರ ಕಟ್ಟಿ ಮಾರುವುದು, ವಾಸ ಮಿಲ್ ಲೇನ್, ಪಿಂಚ್‌ಕೂಂಬ್ ಗ್ರಾಮ, ಇಂಗ್ಲೆಂಡ್. ಠಾಣೆಗೆ ಕರೆಸಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ಮಿಲ್ ಲೇನ್‌ನಲ್ಲಿ ನಾವು ಕೊಂಡ ಸ್ವಂತ ಜಮೀನಿದೆ. ಅಲ್ಲಿ ನಮ್ಮ ಗಾಡಿಮನೆ, ಅಂದರೆ ಕ್ಯಾರವಾನ್, ನಿಲ್ಲಿಸಿ ಇರಲು ಅನುಮತಿ ಕೇಳಿದ್ದೇವೆ. ನೆಲ್ಸನ್ ಆಕ್ಸಿಜನ್ ಮೇಲಿದ್ದಾರೆ. ರಸ್ತೆ ಬದಿಯ ಬಾಳು ಇನ್ನು ಅವರಿಂದಾಗದು. ನಮ್ಮಂಥ ಅಲೆಮಾರಿಗಳ ತಾಣ 'ಊರಿನಿಂದ ದೂರ' ಇರಬಾರದೆಂದು ನಿಯಮವಿದೆ. ಎಷ್ಟಾದರೆ ದೂರ ಎಂದು ಬರೆದಿಲ್ಲ. ಕೌನ್ಸಿಲ್ ಅಧಿಕಾರಿಯನ್ನು ಕೇಳಿದಾಗ, ನಾಮಫಲಕದವರೆಗೂ ಊರೇ, ನಿಮ್ಮ ಗೇಟು ಅದರ ಒಳಗಿದೆ, ಚಿಂತೆ ಬೇಡ ಎಂದಿದ್ದರು.

ನಿನ್ನೆ ಮಂಗಳವಾರ ಅರ್ಜಿ ತೀರ್ಮಾನಿಸುವ ಮೇಲಧಿಕಾರಿ ಸ್ಥಳ ನೋಡಲು ಬರುವುದಿತ್ತು. ಬೆಳಿಗ್ಗೆ 7.10ಕ್ಕೆ ಕುದುರೆಗೆ ನೀರಿಡಲು ಹೊರಬಂದೆ. 'ಪಿಂಚ್‌ಕೂಂಬ್‌ಗೆ ಸ್ವಾಗತ' ಎಂಬ ಹೊಸ ಫಲಕ ನಮ್ಮ ಗೇಟಿನಿಂದ ಮೂವತ್ತು ಅಡಿ ಊರಿನ ಕಡೆಗೆ ನಿಂತಿತ್ತು. ಗ್ರಾಮಸಭೆಯ ಸದಸ್ಯ ಕ್ಲೈವ್ ಹ್ಯಾದರ್‌ಸೇಜ್ ಪಕ್ಕದಲ್ಲೇ ಇದ್ದರು. ಅವರ ಬೂಟಿನ ಮೇಲೆ ಹಸಿ ಸಿಮೆಂಟ್ ಇತ್ತು.

ಇದೇನೆಂದು ಕೇಳಿದೆ. "ಹಳೇದು ತುಕ್ಕು ಹಿಡಿದಿತ್ತಮ್ಮ, ಹೊಸದು ಹಾಕಿದ್ವಿ. ಸ್ವಲ್ಪ ಆಚೆ ಈಚೆ ಆಗಿರಬಹುದು," ಎಂದು ನಕ್ಕರು.

ನನಗೆ ಮೈ ಉರಿಯಿತು. "ಅಲ್ರೀ, ನಮ್ಮನ್ನ ಅಲೆಮಾರಿ ಅಂತೀರಲ್ಲ! ನಾವು ಇದ್ದಲ್ಲೇ ಇದೀವಿ, ರಾತ್ರೋರಾತ್ರಿ ಜಾಗ ಬಿಟ್ಟಿದ್ದು ನಿಮ್ಮೂರು," ಎಂದೆ. ಇಷ್ಟು ಬಿಟ್ಟು ಬೇರೆ ಬೈಗುಳ ಆಡಿಲ್ಲ.

11 ಗಂಟೆಗೆ ಮೇಲಧಿಕಾರಿ ಬಂದರು. ಅಂದು ಚಿಂತೆ ಬೇಡ ಎಂದಿದ್ದ ಅದೇ ಕೌನ್ಸಿಲ್ ಅಧಿಕಾರಿ ಹೊಸ ಫಲಕವನ್ನು ತೋರಿಸಿ, ಜಾಗ ಫಲಕದ ಆಚೆಗಿದೆ, ಹಾಗಾಗಿ ದೂರ ಎಂದರು. ನನ್ನ ಮುಖ ನೋಡಲಿಲ್ಲ. ನೆಲ್ಸನ್ ಏನೋ ಹೇಳಹೋಗಿ ಕೆಮ್ಮು ಹತ್ತಿ ಕೂತುಬಿಟ್ಟರು.

ಸಂಜೆ, ಹಳೆಯ ಫಲಕವನ್ನು ನಾನು ಕದ್ದಿದ್ದೇನೆಂದು ಹ್ಯಾದರ್‌ಸೇಜ್ ದೂರು ಕೊಟ್ಟರು. ಅದು ನಮ್ಮ ಬೇಲಿ ಪಕ್ಕದ ಚರಂಡಿಯಲ್ಲಿ ಸಿಕ್ಕಿದ್ದು ನಿಜ. ನಾನು ಕದ್ದಿಲ್ಲ. ಎಸೆದವರನ್ನು ಕಂಡಿಲ್ಲ.

ಇಂದು ಠಾಣೆಯಲ್ಲಿ ವಿಳಾಸ ಕೇಳಿದಾಗ ಮಿಲ್ ಲೇನ್ ಎಂದಷ್ಟೇ ಹೇಳಿದೆ. 'ಪಿಂಚ್‌ಕೂಂಬ್ ಗ್ರಾಮ' ಎಂದು ಸೇರಿಸಿದವರು ಪೇದೆ. ಕಳ್ಳಿ ಎಂದು ಹಿಡಿಯುವಾಗ ನಾನು ಆ ಊರಿನವಳು. ಬಾಳುತ್ತೇನೆಂದರೆ ಊರಿನಿಂದ ದೂರ. ಆ ಎರಡು ಪದ ಅಳಿಸಬಾರದೆಂದೂ, ಈ ಹೇಳಿಕೆಯ ಪ್ರತಿಯನ್ನು ಮೇಲಧಿಕಾರಿಗೆ ಕಳಿಸಬೇಕೆಂದೂ ಕೋರುತ್ತೇನೆ.

ಓದಿ ಹೇಳಿದ್ದನ್ನು ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 13 ನವೆಂಬರ್ 2019
ಸಹಿ: ಮಿಜೆಲಿ ಪೆನ್‌ಫೋಲ್ಡ್, ಪಿಂಚ್‌ಕೂಂಬ್ ಗ್ರಾಮ