ಉಪ್ಪುನೀರು

ಸಂಜೆಗತ್ತಲು. ನನ್ನ ಚಿಕ್ಕಪ್ಪನ ಮಗಳು ಕ್ಲಿನಿಕ್ ಮುಚ್ಚಿಕೊಂಡು, ಹಾಳುಬಿದ್ದ ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಹೊರಟಿದ್ದಳು. ಬಾವಿಯೊಳಗಿಂದ ಸದ್ದು ಬಂತು.

ಗಳ್... ಗಳ್... ಗಳ್... ಆಮೇಲೆ ಥೂ ಎಂದು ಉಗುಳಿದ್ದು. ಮತ್ತೆ ಗಳ್... ಗಳ್...

ಯಾರೋ ಗಂಟಲು ಮುಕ್ಕಳಿಸುತ್ತಿದ್ದರು.

ಅವಳು ನರ್ಸ್. ನೆಗಡಿ, ಕೆಮ್ಮು, ಕಿವಿನೋವು, ಕುರು, ಇಂಥ ಸಣ್ಣಪುಟ್ಟದ್ದನ್ನೆಲ್ಲ ಅವಳೇ ನೋಡಬೇಕು; ದೊಡ್ಡದು ಅನಿಸಿದರಷ್ಟೇ ಒಳಗಿನ ಡಾಕ್ಟರಿಗೆ ಕಳಿಸಬೇಕು. ಹಿಂದಿನ ವಾರ ಟೈಲರ್ ಬಂದಿದ್ದ. ಉಗುಳು ನುಂಗಲಾಗದೆ ಬಾಯಿಗೆ ಬಟ್ಟೆಚೂರು ಒತ್ತಿ ಹಿಡಿದಿದ್ದ. ಅನುಮಾನ ಬಂದು ಇವಳು ಒಳಗೆ ಹೋಗಿ ಹೇಳಿದಳು.

"ಗಂಟಲು ನೋವಿಗೂ ನಾನೇ ಎದ್ದು ಬರ್ಬೇಕೇನಮ್ಮ? ಹಾಗಾದ್ರೆ ಈ ಕುರ್ಚೀಲಿ ನೀನೇ ಬಂದು ಕೂತ್ಕೋ," ಎಂದರು ಡಾಕ್ಟರು.

ಇವಳು ಹೊರಗೆ ಬಂದು, "ಏನಿಲ್ಲ, ಬಿಸಿ ಉಪ್ಪುನೀರಲ್ಲಿ ಮುಕ್ಕಳಿಸಿ," ಎಂದು ಕಳಿಸಿಬಿಟ್ಟಳು. ಆ ರಾತ್ರಿಯೇ ಗಂಟಲು ಊದಿ, ಉಸಿರುಕಟ್ಟಿ ಟೈಲರ್ ಸತ್ತ.

ಬಾವಿಯ ಸದ್ದು ನಿಂತಿತು.

"ಸಿಸ್ಟರಮ್ಮಾ..." ಪಿಸುದನಿ. "ನೀವು ಹೇಳಿದ ಹಾಗೇ ಮಾಡ್ತಿದ್ದೀನಿ... ಕಮ್ಮೀನೇ ಆಗ್ಲಿಲ್ಲ."

ಇವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಸ್ವಲ್ಪ ನೋಡ್ತೀರಾ? ಬಾಯಿ ತೆಗೀತೀನಿ..."

ಬಾವಿಕಟ್ಟೆಯ ಮೇಲೆ ಒದ್ದೆ ಅಂಗೈ ಊರಿದ ಸದ್ದು. ಚಪ್... ಚಪ್...

"ಬೇಡ! ನನ್ನ ಕೈಲಿ ಆಗಲ್ಲ... ಡಾಕ್ಟರ ಮನೆಗೆ ಹೋಗು!"

"ನೀವೇ ಕಳಿಸಿದ್ದು ಅಂತ ಹೇಳ್ಲಾ?"

"ಹೇಳು... ಹೋಗು."

ಒದ್ದೆ ಹೆಜ್ಜೆಯ ಸದ್ದು ಅವಳನ್ನು ದಾಟಿ ಡಾಕ್ಟರ ಬೀದಿಯತ್ತ ಹೋಯಿತು.

ಬೆಳಿಗ್ಗೆ ಡಾಕ್ಟರು ತಮ್ಮ ಪುಟ್ಟ ಮಗಳ ಕೈ ಹಿಡಿದು ಬಂದರು.

"ನಿನ್ನೆ ಯಾರೋ ಬಾಗಿಲು ತಟ್ಟಿದ್ರಂತೆ. ಇವಳೇ ಓಡಿಹೋಗಿ ತೆಗೆದಿದ್ದಾಳೆ. ನೋಡಿದ್ರೆ ಯಾರೂ ಇಲ್ವಂತೆ. ಆಗ್ಲಿಂದ ಗಂಟಲು ನೋವು ಅಂತಾಳೆ. ಸಣ್ಣದು, ನೀನೇ ನೋಡು."

ಮಗು ಫ್ರಾಕಿನ ತುದಿ ಎತ್ತಿ ಬಾಯಿಗೆ ಒತ್ತಿಕೊಂಡಿತ್ತು.

"ಸಾರ್... ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ಈಗ್ಲೇ."

"ನಿನಗೆ ಎಲ್ಲಾ ದೊಡ್ಡದೇ," ಡಾಕ್ಟರು ನಕ್ಕರು.

ಇವಳು ಕಾಲಿಗೆ ಬಿದ್ದಳು. ಅವರು ಇನ್ನೂ ಜೋರಾಗಿ ನಕ್ಕರು. ತಾವೇ ನೀರು ಬಿಸಿ ಮಾಡಿ ಉಪ್ಪು ಬೆರೆಸಿದರು.

ಮಗು ಆ ಸಂಜೆ ದಾಟಲಿಲ್ಲ.

ನಂಬುವುದಾದರೆ ನಂಬಿ, ಇಲ್ಲವಾದರೆ ಬಿಡಿ, ನಾನು ಅಲ್ಲಿದ್ದೆ. ಮಗುವಿಗೆ ಸುತ್ತಿದ ಬಿಳಿ ಬಟ್ಟೆ ಕೊರಳ ಹತ್ತಿರ ಒದ್ದೆಯಾಗುತ್ತಲೇ ಇತ್ತು. ಎರಡು ಸಲ ಬದಲಾಯಿಸಿದರು. ಮೂರನೆಯದನ್ನು ಅಂಗಡಿಯಿಂದ ತಂದವನು ನಾನೇ. ಮಡಿಕೆ ಬಿಚ್ಚುವ ಮೊದಲೇ... ಅದು ಒದ್ದೆಯಾಗಿತ್ತು.