ಪ್ಲಾಸ್ಟರ್ ಕಾಲಿನ ವಿಚಾರಣೆ

ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮ ಮೂಳೆ ಮೇಷ್ಟ್ರ ಪತ್ನಿ ಅತ್ತಿಗೆಯವರಿಗೆ, ಅವರ ಮಗಳಿಗೆ, ಪ್ರಾಂಶುಪಾಲರಿಗೆ, ನನ್ನ ಸಹೋದ್ಯೋಗಿಗಳಿಗೆ, ಮತ್ತು ಹಿಂದೆ ಎರಡು ಗುಂಪಾಗಿ ದೂರ ದೂರ ಕುಳಿತಿರುವ ವಿದ್ಯಾರ್ಥಿಗಳಿಗೆ — ನಮಸ್ಕಾರ.

ಮೈಕ್ ಸರಿಯಾಗಿದೆ ಅಂತ ಅಟೆಂಡರ್ ಹೇಳಿದರು. ಆದರೂ ನಾನು ತಟ್ಟಿ ನೋಡಿದೆ, ನೀವೆಲ್ಲ ಕಂಡಿರಿ. ನನ್ನ ಸ್ವಭಾವವೇ ಅದು. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವನಲ್ಲ. ಮೊನ್ನೆ ಅತ್ತಿಗೆ ಫೋನ್ ಮಾಡಿ, "ನೀವೇ ಮಾತಾಡ್ಬೇಕು. ಈ ವರ್ಷ ಅವರನ್ನ ನಿಮ್ಮಷ್ಟು ಗಮನ ಇಟ್ಟು ನೋಡಿದೋರು ಇನ್ಯಾರೂ ಇಲ್ಲ" ಅಂದಾಗಲೂ ನನಗೆ ಗುಮಾನಿಯೇ ಬಂತು. ಇದು ವಿಶ್ವಾಸವೋ, ಶಿಕ್ಷೆಯೋ? ಇನ್ನೂ ಗೊತ್ತಾಗಿಲ್ಲ, ಅತ್ತಿಗೆ. ಶಿಕ್ಷೆಯಾದರೂ ಒಪ್ಪಿಕೊಂಡೇ ಬಂದಿದ್ದೇನೆ.

ಹೊರಗಿನಿಂದ ಬಂದ ಬಂಧುಗಳಿಗೆ ಸ್ವಲ್ಪ ವಿವರಿಸಬೇಕು. ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಎರಡು ಸಂಘಗಳಿವೆ — ಹೃದಯ ಸಂಘ, ಮೆದುಳು ಸಂಘ. ವರ್ಷವಿಡೀ ಇವರಿಗೆ ಸ್ಪರ್ಧೆ. ಬಾಳೆಹಣ್ಣಿನ ಸಿಪ್ಪೆಗೆ ಹೊಲಿಗೆ ಹಾಕುವುದು, ಸ್ಟ್ರೆಚರ್ ಓಟ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೂಳೆ ಗುರುತಿಸುವುದು, ಹೀಗೆ. ಗೆದ್ದವರಿಗೆ ಒಂದು ಹಳೆಯ ಪ್ಲಾಸ್ಟರ್ ಕಾಲು. ಯಾವ ಕಾಲದಲ್ಲೋ ಯಾರದೋ ಮುರಿದ ಕಾಲಿಗೆ ಹಾಕಿ, ಆಮೇಲೆ ಕತ್ತರಿಸಿ ತೆಗೆದದ್ದು. ಹೆಬ್ಬೆರಳಿನ ಕಡೆ ಇಲಿ ಕಡಿದಿದೆ. ಅದಕ್ಕಾಗಿ ಈ ಮಕ್ಕಳು ಊಟ ನಿದ್ದೆ ಬಿಡುತ್ತಾರೆ. ಹೃದಯ ಸಂಘಕ್ಕೆ ಮಾರ್ಗದರ್ಶಕರು ಅಂಗರಚನಾ ವಿಭಾಗದ ನಮ್ಮ ಮೂಳೆ ಮೇಷ್ಟ್ರು. ಮೆದುಳು ಸಂಘಕ್ಕೆ ನಾನು. ಮಕ್ಕಳು ನನಗಿಟ್ಟ ಹೆಸರು ಪತ್ತೇದಾರ. ಅದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ.

ಕೊನೆಯ ಸ್ಪರ್ಧೆ ಎಕ್ಸ್‌ರೇ ಓದುವುದು. ಪದ್ಧತಿ ಏನೆಂದರೆ, ಒಂದು ಸಂಘದ ಮಾರ್ಗದರ್ಶಕ ಇನ್ನೊಂದು ಸಂಘಕ್ಕೆ ಒಂದು ಫಿಲ್ಮ್ ತಂದುಕೊಡಬೇಕು. ರೋಗಿಯ ಒಪ್ಪಿಗೆ ಪಡೆದು, ಹೆಸರಿನ ಮೇಲೆ ಕಪ್ಪು ಟೇಪ್ ಅಂಟಿಸಿ. ಮಕ್ಕಳು ಅದನ್ನು ದೀಪದ ಮುಂದೆ ಹಿಡಿದು ಕಾಯಿಲೆ ಹೇಳಬೇಕು. ಇಬ್ಬರೂ ಸರಿ ಹೇಳಿದರೆ, ಬೇಗ ಹೇಳಿದವರು ಗೆದ್ದಂತೆ.

ಮೂಳೆ ಮೇಷ್ಟ್ರ ಮೇಲೆ ನನಗೆ ವರ್ಷದ ಮೊದಲಿನಿಂದಲೂ ಕಣ್ಣಿತ್ತು. ಅವರ ಸಂಘ ಸುಮ್ಮಸುಮ್ಮನೆ ಗೆಲ್ಲುತ್ತಿತ್ತು. ಸುಮ್ಮಸುಮ್ಮನೆ ಯಾರಾದರೂ ಗೆಲ್ಲುತ್ತಾರೆಯೇ? ನಾನು ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡೆ. ಇಗೋ — ಇದೇ. ಓದುತ್ತೇನೆ, ಕೇಳಿ.

"ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಲ್ಲುತ್ತಾರೆ. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಾರೆ." ಇದು ಮೊದಲನೆಯದು. ಆಮೇಲೆ, "ಮಕ್ಕಳ ಹತ್ತಿರ ಪಿಸುಮಾತಿನಲ್ಲೇ ಮಾತಾಡುತ್ತಾರೆ. ನಾನು ಹೋದರೆ ಮಾತು ನಿಲ್ಲಿಸಿ ಕೆಮ್ಮುತ್ತಾರೆ." ಇನ್ನೊಂದು ಕಡೆ, "ಬಿಳಿ ಕೋಟು ಜೋತು ಬಿದ್ದಿದೆ. ಜೇಬಿನಲ್ಲಿ ಏನೋ ಸಾಗಿಸುತ್ತಿರಬೇಕು." ಕೊನೆಗೆ, ಸ್ಪರ್ಧೆಗೆ ಒಂದು ವಾರ ಮೊದಲು, "ಎಕ್ಸ್‌ರೇ ಕೋಣೆಗೆ ಹಿಂಬಾಗಿಲಿನಿಂದ ಮೂರು ಸಲ."

ಇಲ್ಲಿ ವೈದ್ಯರು ತುಂಬ ಜನ ಇದ್ದೀರಿ. ನಿಮ್ಮ ಮುಖಗಳು ಆಗಲೇ ಬದಲಾಗಿವೆ. ನಾನು ಓದಿದ್ದು ಏನು ಅಂತ ನಿಮಗೆ ಅರ್ಥವಾಯಿತು — ನನಗೆ ಅರ್ಥವಾಗಲಿಲ್ಲ. ಮೂವತ್ತೊಂದು ವರ್ಷದಿಂದ ಇದೇ ಕಾಲೇಜಿನಲ್ಲಿ "ರೋಗಿ ಬಾಗಿಲು ದಾಟುವಾಗಲೇ ನೋಡಿ, ನಡಿಗೆ ನೋಡಿ, ದನಿ ಕೇಳಿ" ಎಂದು ಪಾಠ ಮಾಡಿದವನಿಗೆ ಅರ್ಥವಾಗಲಿಲ್ಲ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರಲ್ಲ, ಅದು ನನ್ನ ಕಣ್ಣು.

ಸ್ಪರ್ಧೆಯ ದಿನ ಬಂತು. ಪ್ರತಿ ವರ್ಷ ಮೊಣಕಾಲೋ ಮಣಿಕಟ್ಟೋ ತರುತ್ತಿದ್ದ ಮೂಳೆ ಮೇಷ್ಟ್ರು ಈ ಸಲ ಎದೆಯ ಫಿಲ್ಮ್ ತಂದರು. ನನಗೆ ಅದೂ ಒಂದು ಅನುಮಾನ. ನಮ್ಮ ಸಂಘದ ಹುಡುಗಿ ಅದನ್ನು ದೀಪಕ್ಕೆ ಹಿಡಿದಳು, ಶ್ವಾಸಕೋಶದ ಗೆಡ್ಡೆ ಎಂದು ಸರಿಯಾಗಿಯೇ ಹೇಳಿದಳು. ಆಮೇಲೆ ಮೂಳೆ ಮೇಷ್ಟ್ರ ಕಡೆ ತಿರುಗಿ, "ಇದು ಇವತ್ತು ನಿನ್ನೇದಲ್ಲ ಸರ್. ಇವರಿಗೆ ದನಿ ಹೋಗಿರುತ್ತೆ, ಏದುಸಿರು ಬರ್ತಿರುತ್ತೆ. ಜೊತೇಲಿ ಕೆಲಸ ಮಾಡೋರು ಯಾರೂ ನೋಡ್ಲೇ ಇಲ್ವಾ?" ಅಂದಳು.

ಸಭೆಯಲ್ಲಿ ನಗು. ನಾನೂ ನಕ್ಕೆ. ಮೂಳೆ ಮೇಷ್ಟ್ರು ಮೆಲ್ಲಗೆ, "ಅವರವರ ಕೆಲಸ ಅವರಿಗಮ್ಮ, ಪಾಪ" ಅಂದರು.

ಆದರೆ ನಾನು ಕೊಟ್ಟ ಫಿಲ್ಮನ್ನು ಹೃದಯ ಸಂಘದವರು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಟ್ಟರು. ಗೆದ್ದರು. ನನ್ನ ಲೆಕ್ಕಾಚಾರ ಪೂರ್ತಿಯಾಯಿತು — ಹಿಂಬಾಗಿಲಿನಿಂದ ಹೋಗಿ ನನ್ನ ಫಿಲ್ಮ್ ನೋಡಿಕೊಂಡು ಬಂದಿದ್ದಾರೆ, ಮಕ್ಕಳ ಕಿವಿಯಲ್ಲಿ ಊದಿದ್ದಾರೆ. ಅಂದೇ ಪ್ರಾಂಶುಪಾಲರಿಗೆ ದೂರು ಬರೆದುಕೊಟ್ಟೆ. ವಿಚಾರಣೆ ಮುಗಿಯುವವರೆಗೆ ಅಂತ ಪ್ಲಾಸ್ಟರ್ ಕಾಲು ಅವರ ಬೀರು ಸೇರಿತು. ಹೃದಯ ಸಂಘದ ಮಕ್ಕಳನ್ನು ಕ್ಯಾಂಟೀನಿನಲ್ಲಿ "ಕಳ್ಳರು ಬಂದ್ರು" ಅಂತ ಕರೆಯಲು ಶುರುವಾಯಿತು. ಅದಕ್ಕೇ ನೋಡಿ, ಇವತ್ತೂ ಇವರು ದೂರ ದೂರ ಕುಳಿತಿದ್ದಾರೆ. ಮೂಳೆ ಮೇಷ್ಟ್ರು ಮರುದಿನವೇ ರಜೆ ಹಾಕಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಆ ಮಾತಿಗೆ ನಕ್ಕವರೂ ಇಲ್ಲಿದ್ದೀರಿ.

ವಿಚಾರಣೆಗೆ ಸಾಕ್ಷಿ ಬೇಕಿತ್ತು. ಅವರು ತಂದ ಫಿಲ್ಮನ್ನೂ ಕೈಯಲ್ಲಿ ಹಿಡಿದುಕೊಂಡೇ ಎಕ್ಸ್‌ರೇ ಟೆಕ್ನೀಷಿಯನ್ ಹತ್ತಿರ ಹೋದೆ. "ಮೂರು ಸಲ ಬಂದಿದ್ರಲ್ವೇನಯ್ಯ?" ಅಂತ ಗದರಿಸಿದೆ.

"ಬಂದಿದ್ರು ಸರ್. ತಮ್ಮದೇ ಎದೆ ಎಕ್ಸ್‌ರೇ ತೆಗೆಸ್ಕೊಳ್ಳೋಕೆ. ಮುಂಬಾಗಿಲಿಗೆ ಮೆಟ್ಟಿಲು ಜಾಸ್ತಿ ಅಂತ ಹಿಂದಿನಿಂದ ಬರೋರು" ಅಂದ. ಆಮೇಲೆ ನನ್ನ ಕೈ ನೋಡಿ, "ಅದೇ ಫಿಲ್ಮು ಸರ್, ನೀವು ಹಿಡ್ಕೊಂಡಿರೋದು" ಅಂದ.

ಟೇಪ್ ಕಿತ್ತೆ. — ಅವರ ಹೆಸರು.

ಅವರನ್ನು ಸೇರಿಸಿದ್ದ ಆಸ್ಪತ್ರೆಯ ವಾರ್ಡಿಗೆ ಹೋದೆ. ಅತ್ತಿಗೆ ಕುರ್ಚಿ ಬಿಟ್ಟುಕೊಟ್ಟರು. ಮೂಳೆ ಮೇಷ್ಟ್ರು ಅದೇ ಪಿಸುದನಿಯಲ್ಲಿ, "ಏನು ಪತ್ತೇದಾರರೇ, ಸುಳಿವು ಸಿಕ್ತಾ?" ಅಂದರು. ನಿಮ್ಮದನ್ನೇ ಯಾಕೆ ತಂದಿರಿ ಎಂದು ಕೇಳಿದೆ. "ಬೇರೆಯವರದು ಹುಡುಕೋಕೆ ವಾರ್ಡ್ ವಾರ್ಡ್ ಸುತ್ತಬೇಕಲ್ಲ, ಉಸಿರೆಲ್ಲಿತ್ತು?" ಅಂದರು. ಅದು ಪೂರ್ತಿ ನಿಜ ಅಂತ ನಾನು ಇವತ್ತಿಗೂ ನಂಬುವುದಿಲ್ಲ. ಬಾಯಿಬಿಟ್ಟು ಹೇಳಲಾರದೆ ನನ್ನ ಕಣ್ಣ ಮುಂದೆ ಹಿಡಿದರೇನೋ. ಕೇಳೋಣ ಅಂದರೆ ಈಗ ಅವರಿಲ್ಲ.

ನಾಳೆಯೇ ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಬೇಡ. ಸಾಯೋನು ಅಂತ ಬಿಟ್ಟುಕೊಟ್ರು ಅಂತಾರೆ. ವಿಚಾರಣೆ ನಡೀಲಿ. ಮಕ್ಕಳು ಗೆದ್ದಿದ್ದು ನ್ಯಾಯವಾಗಿ ಅಂತ ಎಲ್ಲರ ಎದುರು ತೀರ್ಮಾನ ಆಗ್ಲಿ" ಅಂದರು. ವಿಚಾರಣೆ ಸೋಮವಾರಕ್ಕಿತ್ತು. ಅವರು ಶನಿವಾರವೇ ಹೋದರು.

ಹಾಗಾಗಿ, ಪ್ರಾಂಶುಪಾಲರೇ, ಅಪ್ಪಣೆ ಕೊಟ್ಟರೆ ಆ ವಿಚಾರಣೆ ಇಲ್ಲೇ ಮುಗಿಯಲಿ. ದೂರು ಕೊಟ್ಟವನು ನಾನು, ಸಾಕ್ಷಿಯೂ ನಾನೇ. ಒಂದು ಪ್ರಶ್ನೆ ಉಳಿದಿತ್ತು, ನನ್ನ ಫಿಲ್ಮ್ ಆ ಮಕ್ಕಳಿಗೆ ಅಷ್ಟು ಬೇಗ ಹೇಗೆ ಗೊತ್ತಾಯಿತು ಅಂತ. ನಿನ್ನೆ ಹೃದಯ ಸಂಘದ ಒಬ್ಬ ಹುಡುಗನನ್ನು ತಡೆದು ಕೇಳಿದೆ. ಅವನು ತಲೆ ತಗ್ಗಿಸಿಕೊಂಡೇ, "ಸರ್, ಆರು ವರ್ಷದಿಂದ ನೀವು ಅದೊಂದೇ ಕಾಯಿಲೆ ಕೊಡ್ತಿದ್ದೀರಿ. ಸೀನಿಯರ್‌ಗಳು ಬಂದ ದಿನವೇ ಹೇಳಿಕೊಡ್ತಾರೆ" ಅಂದ. ನಗಬಹುದು. ಅವರಿದ್ದಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದರು.

ಅತ್ತಿಗೆ, ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರನ್ನು ನಾನು ಕೇಳಿದ್ದೇನೆ. ಈ ಪುಸ್ತಕದ ಮೊದಲ ಪುಟದ ದಿನ ಅವರನ್ನು ಕರೆದುಕೊಂಡು ಹೋಗಿದ್ದರೆ ಬಹುಶಃ ಇನ್ನೂ ಕೆಲವು ವರ್ಷ ಇರುತ್ತಿದ್ದರು. ನಿಮ್ಮಿಂದ ಇದನ್ನು ಮುಚ್ಚಿಡಲಾರೆ. ಕ್ಷಮೆ ಕೇಳುವುದಕ್ಕೂ ನನಗೆ ಬಾಯಿಲ್ಲ.

ಮೂಳೆ ಮೇಷ್ಟ್ರು ಮೋಸ ಮಾಡಲಿಲ್ಲ. ನನ್ನ ದೂರು ಸುಳ್ಳು. ಈ ವರ್ಷ ಗೆದ್ದದ್ದು ಹೃದಯ ಸಂಘ.

ಈಗ ಮೌನಾಚರಣೆ. ಹೃದಯ ಸಂಘದ ಮಕ್ಕಳೇ, ಮೊದಲು ನೀವು ಏಳಿ. ಹಾಗಲ್ಲ — ತಲೆ ಎತ್ತಿ. ಅವರ ಮಗಳು ನಿಮ್ಮನ್ನು ನೋಡುತ್ತಿದ್ದಾಳೆ. ಸರಿ, ಇನ್ನು ಉಳಿದವರೆಲ್ಲ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ.